ಎಡಗಡೆಯ ಮೌಸ್

ಮೌಸ್ ಮೇಜಿನ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದು ಸಣ್ಣ ಪ್ರಶ್ನೆಯೆಂದು ಯಾರೂ ಭಾವಿಸಬಾರದು. ಎರಡು ಜೀವಗಳ ಭವಿಷ್ಯ ಅದರ ಮೇಲೆ ನಿಂತಿತ್ತು. ಅವುಗಳಲ್ಲಿ ಒಂದು ಜೀವ ಇನ್ನೂ ಕುರ್ಚಿಯಿಂದ ಎದ್ದೇ ಇರಲಿಲ್ಲ.

"ರೀ! ನನ್ನ ಟೈಮ್ ಇನ್ನೂ ಎರಡು ನಿಮಿಷ ಇದೆ!"

"ಒಂದೂವರೆ," ಎಂದ ಅವನು, ಮೌಸನ್ನು ಎಡಕ್ಕೆ ಎಳೆದುಕೊಳ್ಳುತ್ತ. "ವಾಚ್ ರಿಪೇರಿಯವನು ನಾನು. ನಿಮಿಷದ ಮಾತು ನನ್ನ ಹತ್ರ ಬೇಡ ಮೇಡಂ."

"ಎಡಗೈಯಲ್ಲಿ ಮೌಸ್ ಹಿಡಿಯೋರನ್ನ ಇವತ್ತೇ ನೋಡಿದ್ದು!"

"ನಾನು ಮೌಸನ್ನೇ ಮೊನ್ನೆ ನೋಡಿದ್ದು."

ನಗಬಾರದೆಂದುಕೊಂಡಳು... ನಕ್ಕುಬಿಟ್ಟಳು.

ವಕೀಲರ ಕಚೇರಿಯಲ್ಲಿ ಹದಿನಾಲ್ಕು ವರ್ಷ ಟೈಪ್‌ರೈಟರ್ ಕುಟ್ಟಿದವಳು ಅವಳು. ಕಂಪ್ಯೂಟರ್ ಬರದವರಿಗೆ ಇನ್ನು ಕೆಲಸವಿಲ್ಲ ಎಂದಿದ್ದರು ವಕೀಲರು. ಅದಕ್ಕೇ ಈ ಕಂಪ್ಯೂಟರ್ ಕ್ಲಾಸು. 'ನನಗೆ ಕೀಬೋರ್ಡ್ ಕಲಿಸೋರು ಹುಟ್ಟಿಲ್ಲ' ಎಂಬ ಜಂಬದಲ್ಲಿ ಮೊದಲ ದಿನದ ಪಾಠಕ್ಕೇ ಹೋಗಿರಲಿಲ್ಲ. ಯಾವುದು ಇನ್‌ಪುಟ್, ಯಾವುದು ಔಟ್‌ಪುಟ್ ಎಂಬ ಅಆಇಈ ಅದು.

ಮೂರನೇ ನಂಬರಿನ ಕಂಪ್ಯೂಟರ್‌ಗೆ ಇವರಿಬ್ಬರೇ: ನಾಲ್ಕರಿಂದ ಐದು ಅವಳು, ಐದರಿಂದ ಆರು ಅವನು. ವಾರ ಕಳೆಯುವಷ್ಟರಲ್ಲಿ, ಏಳುವ ಮುನ್ನ ಅವಳೇ ಮೌಸನ್ನು ಎಡಕ್ಕೆ ಸರಿಸಿಡತೊಡಗಿದಳು. ಮರುದಿನ ಬಂದರೆ ಅದು ಬಲಕ್ಕಿರುತ್ತಿತ್ತು!

"ನಿಮ್ಮ ವಾಚ್ ನಿಂತಿದೆ," ಎಂದ ಒಂದು ದಿನ.

"ಎರಡು ವರ್ಷ ಆಯ್ತು."

"ಮತ್ತೆ ಕಟ್ಕೊಂಡಿದ್ದೀರಿ?"

"ಕೈ ಬೋಳು ಕಾಣಬಾರದಲ್ಲ..."

ಅವನು ಕೈಯೊಡ್ಡಿದ. ಅವಳು ಬಿಚ್ಚಿ ಕೊಟ್ಟಳು.

ಇಂಥ ಸುದ್ದಿಗೆ ಕಾಲು ಬೇಗ ಬರುತ್ತದೆ. "ಪರವೂರಲ್ಲಿರೋ ನಿನ್ನಣ್ಣಂಗೆ ನೀನೇ ಕಾಗದ ಬರಿ," ಎಂದಳು ಅತ್ತಿಗೆ. "ಆ ವಾಚಿನವನಿಗೂ ನನಗೂ ಏನೂ ಇಲ್ಲ ಅಂತ. ಇಲ್ಲಾಂದ್ರೆ ಈ ಮನೆ ಬಾಗಿಲು ಮರ್ತುಬಿಡು."

ಮರುದಿನ ಕ್ಲಾಸಿನಲ್ಲಿ ಟೈಪ್ ಮಾಡಿದಳು: 'ಆ ಎಡಚನಿಗೆ ಕೆಟ್ಟ ವಾಚು ಕೊಟ್ಟಿದ್ದೆ, ಅಷ್ಟೆ. ಅಂಥವನನ್ನು ಕಟ್ಟಿಕೊಳ್ಳುವಷ್ಟು ಗತಿಗೆಟ್ಟಿಲ್ಲ ನಾನು.'

ಓದಿದಳು. ಛೆ! ಇದನ್ನು ಕಳಿಸುವುದಕ್ಕಿಂತ ಮನೆ ಬಿಡುವುದೇ ವಾಸಿ!

ಟೈಪ್‌ರೈಟರ್ ಆಗಿದ್ದರೆ ಕಾಗದ ಎಳೆದು ಹರಿದು ಹಾಕುತ್ತಿದ್ದಳು. ಇಲ್ಲಿ ಮಾನಿಟರಿನ ಬಟನ್ ಒತ್ತಿದಳು. ಪರದೆ ಕಪ್ಪಾಯಿತು. ಪೀಡೆ ತೊಲಗಿತು! ಮೌಸನ್ನು ಎಡಕ್ಕಿಟ್ಟು, ತನ್ನ ಸರದಿಗೆ ಬಂದ ಅವನತ್ತ ನಕ್ಕು, ಹಗುರಾಗಿ ಮೆಟ್ಟಿಲಿಳಿದಳು.

ಮರುದಿನ ಮೌಸ್ ಎಡಕ್ಕೇ ಇತ್ತು.

ಐದಾದರೂ ಅವನು ಬರಲಿಲ್ಲ. ಬೆಳಗಿನ ಬ್ಯಾಚಿಗೆ ಸೇರಿಕೊಂಡನಂತೆ.

'ಬೇಡವಾಗಿದ್ದರೆ ಒಂದು ಮಾತು ಹೇಳಬಾರದಿತ್ತೇ? ಅಷ್ಟೂ ಯೋಗ್ಯತೆ ಇಲ್ಲವೇ ನನಗೆ...' ಒಂಬತ್ತು ದಿನ ಅವನನ್ನು ಬೈದುಕೊಂಡು ಅತ್ತಳು. ಅತ್ತಿಗೆ ಕಾಗದ ಕೇಳುತ್ತಲೇ ಇದ್ದಳು.

ಹತ್ತನೆಯ ದಿನ ಮೇಷ್ಟ್ರು ಪರೀಕ್ಷೆಗೆಂದು ಮೊದಲ ಪಾಠ ಮತ್ತೆ ಶುರುಮಾಡಿದರು.

"ಕೀಬೋರ್ಡು, ಮೌಸು: ಇನ್‌ಪುಟ್. ಅಂದ್ರೆ ನಾವು ಅದಕ್ಕೆ ಹೇಳೋದು. ಮಾನಿಟರು, ಪ್ರಿಂಟರು, ಸ್ಪೀಕರು: ಔಟ್‌ಪುಟ್. ಅದು ನಮಗೆ ಹೇಳೋದು. ಕೆಲವು ಮಹಾನುಭಾವರು ಮಾನಿಟರ್ ಆರಿಸಿ, ಬರೆದಿದ್ದೆಲ್ಲ ಹೋಯ್ತು ಅಂದ್ಕೋತಾರೆ. ಕನ್ನಡಿಗೆ ಬಟ್ಟೆ ಮುಚ್ಚಿದ್ರೆ ಮೂತಿ ಮಾಯ ಆಗುತ್ತೇನ್ರಪ್ಪ?"

ಎಲ್ಲರೂ ನಕ್ಕರು. ಅವಳೊಬ್ಬಳು ನಗಲಿಲ್ಲ: ಅಂದು ಐದಕ್ಕೆ ಅವನು ಮಾನಿಟರ್ ಹಾಕಿದಾಗ ಆ ಕಾಗದ ಅಲ್ಲೇ ಇತ್ತು!

ಅವನ ಅಂಗಡಿ ಒಬ್ಬರು ನಿಲ್ಲುವಷ್ಟಿತ್ತು. ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆ ಅವನು ವಾಚನ್ನು ಮುಂದೆ ತಳ್ಳಿದ. ಅದು ಓಡುತ್ತಿತ್ತು.

"ತಗೊಳ್ಳಿ. ಗತಿ ಇರೋರ ವಾಚು ನಮ್ಮಂಥವರ ಹತ್ರ ಯಾಕೆ?"

"ಅಣ್ಣಂಗೆ ಕಾಗದ ಹಾಕು ಅಂತ ಅತ್ತಿಗೆ ಪೀಡಿಸಿದ್ರು. ಅದನ್ನ ಕಳಿಸಲಿಲ್ಲ ನಾನು! ಅಳಿಸಿದೆ ಅಂದ್ಕೊಂಡೆ..."

"ಅಳಿಸೋದು ಆಮೇಲೆ. ಬರೆದೋರು ಯಾರು?"

"ನಾನೇ."

"'ಗತಿಗೆಟ್ಟಿಲ್ಲ' ಅನ್ನೋದು ಅತ್ತಿಗೆ ಹೇಳಿಕೊಟ್ಟಿದ್ದಾ?"

ಹೌದೆನ್ನಬಹುದಿತ್ತು. ಸುಳ್ಳಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿರಲಿಲ್ಲ.

"ಇಲ್ಲ... ಅದು ನನ್ನ ಮಾತೇ."

ಅವನು ಗಾಜು ತೆಗೆದ. "ಹೌದು ಅಂದಿದ್ರೆ ಹೀಗೇ ಕಳಿಸಿಬಿಡ್ತಿದ್ದೆ."

"ಅಣ್ಣಂಗೆ ಬೇರೆ ಕಾಗದ ಪ್ರಿಂಟ್ ತೆಗೆದು ಈಗಷ್ಟೇ ಪೋಸ್ಟಿಗೆ ಹಾಕಿ ಬಂದೆ. ಮದುವೆ ಅಂತಾದ್ರೆ ನಿಮ್ಮನ್ನೇ ಅಂತ."

"ನನ್ನ ಕೇಳದೆ?"

"ನೀವು ಒಲ್ಲೆ ಅಂದ್ರೂ ಅದು ಸುಳ್ಳಾಗಲ್ಲ."

ಅವನು ವಾಚನ್ನೆತ್ತಿ ಅಂಗಿಗೆ ಒರೆಸಿದ. ಆಮೇಲೆ ಎಡಗೈಯಿಂದ ಅವಳ ಮಣಿಕಟ್ಟಿಗೆ ವಾಚು ಕಟ್ಟಿದ.

"ಆ ಮಾತು ಮರೆಯೋಕಾಗಲ್ಲ ನನಗೆ."

"ಮರೀಬೇಡಿ. ನಾನೂ ಮರೆಯಲ್ಲ."

ಮದುವೆಯಾಯಿತು. ಅಣ್ಣ ಬರಲಿಲ್ಲ. ಮನೆಯ ಕಂಪ್ಯೂಟರಿನ ಮೌಸ್ ಎಡಕ್ಕಿದೆ. ಆ ಕಾಗದ ಓದಿದ ದಿನದಿಂದ ಅವನು ಅದನ್ನು ಬಲಕ್ಕೆ ಸರಿಸಿಡುವುದಿಲ್ಲ. ಅವಳು ಎಡಗೈಯಲ್ಲೇ ಮೌಸ್ ಹಿಡಿಯಲು ಕಲಿತಿದ್ದಾಳೆ.