ಹಲಗೆಯ ಮೇಲಿನ ಮೂರಕ್ಷರ

ಹಾಸಿಗೆಯ ನಾಲ್ಕನೆಯ ಮೂಲೆಗೆ ಮೇಲುಹಾಸು ಸಿಕ್ಕಿಸುವಷ್ಟರಲ್ಲಿ ಮೊದಲನೆಯ ಮೂಲೆ ಕಿತ್ತುಕೊಂಡು ಬಂತು. ಇನ್‌ಸ್ಪೆಕ್ಟರ್ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಊರ ಕಳ್ಳರನ್ನೆಲ್ಲ ಹಿಡೀತಾಳಂತೆ, ಒಂದು ಬಟ್ಟೆ ಹಿಡಿದಿಡೋಕೆ ಬರಲ್ಲ," ಎಂದು ಅತ್ತೆ ಬಾಗಿಲಲ್ಲೇ ನಕ್ಕರು.

"ಕಳ್ಳರಾದ್ರೆ ಹೇಳಿದ ಮಾತು ಕೇಳ್ತಾರೆ ಅತ್ತೆ. ಇದು ನಿಮ್ಮ ಮಗನ ಥರ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬೆಳಗಿನ ಆರು ನಲವತ್ತು. ಮೂಲೆಯನ್ನು ಹಾಗೇ ಜೋತುಬಿಟ್ಟು ಅವಳು ಠಾಣೆಗೆ ಹೊರಟಳು.

ಠಾಣೆಯಲ್ಲಿ ವಾಚನಾಲಯದ ಕಾರ್ಯದರ್ಶಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ನಸುಕಿನಲ್ಲಿ ಯಾರೋ ಹಿಂಬಾಗಿಲ ಚಿಲಕ ಮೀಟಿ ಒಳಗೆ ನುಗ್ಗಿದ್ದರು. ಸದ್ದು ಕೇಳಿ ಬಂದ ಕಾವಲುಗಾರನ ಹಣೆಗೆ ಬಾಗಿಲು ಬಡಿದು, ಆತ ಮೆಟ್ಟಿಲ ಮೇಲೆ ಉರುಳಿದ್ದ. ಎಚ್ಚರವಾದ ಮೇಲೆ ಅವನೇ ಕಾರ್ಯದರ್ಶಿಗೆ ಫೋನ್ ಮಾಡಿದ್ದ. ಈಗ ಆಸ್ಪತ್ರೆಯಲ್ಲಿದ್ದ.

"ಏನು ಕಳವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದಳು.

"ಏನೂ ಇಲ್ಲ ಮೇಡಂ."

ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ. "ಏನೂ ಕದೀದೇ ಹೋದ ಕಳ್ಳನ್ನ ಏನು ಹೇಳಿ ಹುಡುಕೋದು ಸ್ವಾಮಿ?"

"ನೋಡಿದಾರೆ ಸಾರ್! ನೋಡ್ಕೊಂಡು ಹೋಗಿದಾರೆ!"

ಸಂಗತಿ ನಿಧಾನವಾಗಿ ತಿಳಿಯಿತು. ವಾಚನಾಲಯ ವರ್ಷಕ್ಕೊಮ್ಮೆ ಮಕ್ಕಳಿಗೆ ಇಂಗ್ಲಿಷ್ ಪದಗಳ ಸ್ಪರ್ಧೆ ನಡೆಸುತ್ತದೆ. ಹಲಗೆಯ ಮೇಲೆ ಮರದ ಮೂರು ಅಕ್ಷರ ಜೋಡಿಸಿರುತ್ತಾರೆ. ಆ ಮೂರೂ ಅದೇ ಕ್ರಮದಲ್ಲಿ ಬರುವ, ಐದೇ ಅಕ್ಷರದ ಪದಗಳನ್ನು ಮಕ್ಕಳು ಥಟ್ಟನೆ ಹೇಳಬೇಕು. ಹೆಚ್ಚು ಹೇಳಿದವರು ಗೆದ್ದಂತೆ. ಗೆದ್ದ ಮಗುವಿಗೆ ಒಳ್ಳೆಯ ವಸತಿ ಶಾಲೆಯಲ್ಲಿ ಶಾಲೆ ಮುಗಿಯುವವರೆಗೆ ಓದು, ಊಟ, ವಸತಿ. ಅಂತಿಮ ಸುತ್ತು ಇವತ್ತೇ ಇತ್ತು. ನಾಲ್ಕು ಮಕ್ಕಳು ಉಳಿದಿದ್ದರು. ಅಕ್ಷರಗಳು ನಿನ್ನೆ ಸಂಜೆಯಿಂದ ಹಲಗೆಯ ಮೇಲಿದ್ದವು, ಮೇಲೊಂದು ಬಟ್ಟೆ ಹೊದಿಸಿತ್ತು.

ಎಫ್‌ಐಆರ್ ದಾಖಲಾಯಿತು. ಎಂಟು ಗಂಟೆಗೆ ವಾಚನಾಲಯದಲ್ಲಿ ಪಂಚನಾಮೆ ಶುರುವಾಯಿತು. ಮೇಜಿನ ಮೇಲೆ ಮಲಗಿಸಿದ್ದ ಹಲಗೆಯ ಪಕ್ಕದಲ್ಲಿ, ಅಕ್ಷರ ಜೋಡಿಸುವ ನಿವೃತ್ತ ಶಿಕ್ಷಕಿ ಕೋಲೂರಿ ನಿಂತಿದ್ದರು. ಮಕ್ಕಳ ಬಾಯಲ್ಲಿ ಅವರು ಅಕ್ಷರಜ್ಜಿ.

"ಈ ಬಟ್ಟೆ ಹೊದಿಸಿದ್ದು ನಾನಲ್ಲಮ್ಮ," ಅಜ್ಜಿ ಹೇಳಿದರು.

"ನಿಮ್ಮದೇ ಬಟ್ಟೆ ತಾನೆ?"

"ಬಟ್ಟೆ ನನ್ನದೇ. ಆದ್ರೆ ನಾನು ಸುಮ್ನೆ ಮೇಲೆ ಎಸೆದು ಹೋಗ್ತೀನಿ. ಈ ಸೊಂಟ ಇಟ್ಕೊಂಡು ಮೂಲೆ ಮೂಲೆ ಸಿಕ್ಕಿಸೋಕೆ ಎಲ್ಲಾಗುತ್ತೆ?"

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದಳು. ನಾಲ್ಕೂ ಮೂಲೆಗಳನ್ನು ಲಕೋಟೆಯ ಬಾಯಿಯಂತೆ ಓರೆಯಾಗಿ ಮಡಿಸಿ ಹಲಗೆಯಡಿ ಸಿಕ್ಕಿಸಿತ್ತು. ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ಎಳೆದು ನೋಡಿದಳು, ಜಪ್ಪಯ್ಯ ಎನ್ನಲಿಲ್ಲ. ಕತ್ತಲಲ್ಲಿ, ಎದೆ ಡವಗುಟ್ಟುತ್ತಿರುವಾಗ, ಇಷ್ಟು ಒಪ್ಪ ಮಾಡಿ ಹೋಗುವ ಕೈ ಯಾರದು? ತನಗೆ ಹಾಡಹಗಲೇ ಇದು ಬರುವುದಿಲ್ಲ.

ಇನ್ನೊಂದು ವಿಚಿತ್ರವನ್ನು ಆಸ್ಪತ್ರೆಯ ಡಾಕ್ಟರು ಫೋನಿನಲ್ಲಿ ಹೇಳಿದರು. ಕಾವಲುಗಾರ ಬರುವಾಗಲೇ ಅವನ ತಲೆಗೆ ಪಟ್ಟಿ ಕಟ್ಟಿತ್ತು. ಬಿಚ್ಚಿ ಮತ್ತೆ ಕಟ್ಟುವ ಅಗತ್ಯವೇ ಬೀಳಲಿಲ್ಲವಂತೆ. ಕಟ್ಟಿದ್ದು ಯಾರೆಂದು ಅವನಿಗೂ ಗೊತ್ತಿಲ್ಲ.

"ಹೊಡೆದವನೇ ಔಷಧಿ ಹಚ್ಚೋದು ನಮ್ಮನೇಲಿ ಮಾತ್ರ ಅನ್ಕೊಂಡಿದ್ದೆ," ಎಂದ ಮೀಸೆ.

ಹಾಲು ಹಾಕುವವನೊಬ್ಬ ನಸುಕಿನಲ್ಲಿ ಹಿಂದಿನ ಓಣಿಯಲ್ಲಿ ಟ್ಯೂಷನ್ ಮೇಷ್ಟ್ರನ್ನು ಕಂಡಿದ್ದ. ಅಂತಿಮ ಸುತ್ತಿಗೆ ಬಂದ ನಾಲ್ವರಲ್ಲಿ ಇಬ್ಬರು ಅವರ ಶಿಷ್ಯರು. ಒಂಬತ್ತೂವರೆಗೆ ಮೇಷ್ಟ್ರನ್ನು ಠಾಣೆಗೆ ಕರೆಸಿದರು.

"ಐದೂವರೆಗೆ ಅಲ್ಲೇನು ಕೆಲಸ?"

"ವಾಕಿಂಗ್ ಮೇಡಂ."

"ಚಪ್ಪಲಿ ಕೈಯಲ್ಲಿ ಹಿಡ್ಕೊಂಡು?"

ಮೇಷ್ಟ್ರು ಬೆವರೊರೆಸಿಕೊಂಡರು. "ಕಿಟಕೀಲಿ ಇಣುಕೋಣ ಅಂತ ಹೋಗಿದ್ದು ನಿಜ. ಎಟುಕಲಿಲ್ಲ. ವಾಪಸ್ ಬಂದೆ."

"ಕುಳ್ಳಗಿರೋದಕ್ಕೆ ಪ್ರಾಮಾಣಿಕರಾಗಿ ಉಳಿದ್ರಿ," ಎಂದ ಮೀಸೆ.

"ಯಾರನ್ನಾದ್ರೂ ನೋಡಿದ್ರಾ?"

"ಒಬ್ಬ ಹೆಂಗಸು ಸರಸರ ಹೋದಳು. ಶಾಲು ಹೊದ್ದಿದ್ದಳು, ಮುಖ ಕಾಣಲಿಲ್ಲ."

ಈ ಮಾತನ್ನು ನಂಬುವುದೋ, ತಪ್ಪಿಸಿಕೊಳ್ಳಲು ಕಟ್ಟಿದ್ದೋ? ಇನ್‌ಸ್ಪೆಕ್ಟರ್ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಒಂದು ಪಟ್ಟಿ ತೆಗೆದು ಕೊಟ್ಟಳು. "ನಮ್ಮ ಮೀಸೆಯವರ ಹಣೆಗೆ ಕಟ್ಟಿ." ಮೇಷ್ಟ್ರು ಸುತ್ತಿದರು, ಸುತ್ತಿದರು, ಮತ್ತೂ ಸುತ್ತಿದರು. ಕೈ ಬಿಟ್ಟೊಡನೆ ಅಷ್ಟೂ ಜಾರಿ ಮೀಸೆಯ ಮೀಸೆಯ ಮೇಲೆ ಬಂದು ಕುಳಿತಿತು.

"ಇವರನ್ನ ಕಳಿಸಿ," ಎಂದಳು ಅವಳು.

ಹನ್ನೊಂದಕ್ಕೆ ಅವಳು, ಮೀಸೆ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲಿ ಇನ್‌ಸ್ಪೆಕ್ಟರ್ ತಟ್ಟನೆ ನಿಂತಳು. ಉದ್ದಕ್ಕೂ ಎರಡು ಸಾಲು ಮಂಚ, ಪ್ರತಿ ಮಂಚದ ಮೂಲೆಯಲ್ಲೂ ಅದೇ ಮಡಿಕೆ. ಲಕೋಟೆಯ ಬಾಯಿ.

"ಇವನ್ನೆಲ್ಲ ಹಾಸೋದು ಯಾರು ಸಿಸ್ಟರ್?"

"ನಮ್ಮ ಆಯಾ. ಅವಳಷ್ಟು ಒಪ್ಪವಾಗಿ ಹಾಸೋರು ಇಲ್ಲಿಲ್ಲ. ಅಗೋ, ನಿಮ್ಮ ಕಾವಲುಗಾರನ ಹತ್ರಾನೇ ಇದಾಳೆ."

ಕಾವಲುಗಾರ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದ. ಚಮಚ ಹಿಡಿದಿದ್ದವಳು ತೆಳ್ಳಗಿನ, ಕಣ್ಣು ಕೆಂಪಾದ ಹೆಂಗಸು. ಸೆಕೆಯಲ್ಲೂ ಮಣಿಕಟ್ಟಿನವರೆಗೆ ರವಿಕೆಯ ತೋಳು ಇಳಿಬಿಟ್ಟಿದ್ದಳು.

"ಈಯಮ್ಮ ಬೆಳಿಗ್ಗೆಯಿಂದ ಪಕ್ಕ ಬಿಟ್ಟು ಕದಲಿಲ್ಲ ಮೇಡಂ," ಕಾವಲುಗಾರ ಹೇಳಿದ. "ಹೆತ್ತ ತಾಯಿ ಥರ ನೋಡ್ಕೊಂಡಳು."

ವಾರ್ಡಿನ ತುದಿಯ ಬೆಂಚಿನ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ಕುಳಿತಿದ್ದಳು. ಸ್ಪರ್ಧೆ ಮುಂದಕ್ಕೆ ಹೋದದ್ದರಿಂದ ಅಮ್ಮನ ಬಳಿ ಬಂದಿದ್ದಳು. ಪೊಲೀಸರನ್ನು ಕಂಡು ಎದ್ದು ಬಂದು ತಾಯಿಯ ಮುಂದೆ ನಿಂತಳು, ಏನೋ ಕೇಳಲು ಬಾಯಿ ತೆರೆದಳು.

"ಸುಮ್ನೆ ಹೋಗಿ ಕೂತ್ಕೋ ಪುಟ್ಟಿ," ಆಯಾ ಗದರಿದಳು. ಹುಡುಗಿ ಬಾಯಿ ಮುಚ್ಚಿದಳು, ಆದರೆ ಕದಲಲಿಲ್ಲ.

"ಮಗಳು ಫೈನಲ್‌ಗೆ ಬಂದವಳಾ?" ಇನ್‌ಸ್ಪೆಕ್ಟರ್ ಕೇಳಿದಳು.

"ಹೂಂ."

"ಈ ಸೆಕೇಲಿ ತೋಳು ಯಾಕಮ್ಮ ಇಳಿಬಿಟ್ಟಿದೀಯ?"

ಆಯಾ ಗಂಜಿಯ ಬಟ್ಟಲನ್ನು ಚೆಲ್ಲದಂತೆ ಮೇಜಿನ ಮೇಲಿಟ್ಟಳು, ಕಾವಲುಗಾರನ ತುಟಿ ಒರೆಸಿದಳು, ಆಮೇಲೆ ತಾನೇ ಎಡತೋಳಿನ ಬಟ್ಟೆ ಮೇಲಕ್ಕೆ ಮಡಿಸಿದಳು. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಆದರೂ ಪೆನ್ನಿನ ಶಾಯಿ ಪೂರ್ತಿ ಹೋಗಿರಲಿಲ್ಲ. ಐ, ಜಿ, ಎಚ್. ಬರೆದಂತೆ ಕಾಣುತ್ತಿರಲಿಲ್ಲ, ಪುಟ್ಟ ಮಗು ಕುರ್ಚಿಯನ್ನೋ ಏಣಿಯನ್ನೋ ನೋಡಿ ಚಿತ್ರ ಬಿಡಿಸಿದಂತಿತ್ತು.

"ನನಗೆ ಇಂಗ್ಲಿಷ್ ಬರಲ್ಲಮ್ಮ," ಎಂದಳು. "ಫೋನಿನ ಟಾರ್ಚ್ ಬೆಳಕಲ್ಲಿ ನೋಡಿ ನೋಡಿ ಬಿಡಿಸ್ಕೊಂಡೆ. ಬಾಗಿಲು ದೂಡಿ ಓಡ್ದೆ. ಹಿಂದೆ ಧೊಪ್ ಅಂತು. ತಿರುಗಿ ನೋಡಿದ್ರೆ ಇವರು, ರಕ್ತ... ಬ್ಯಾಗಲ್ಲಿ ಪಟ್ಟಿ ಇತ್ತು. ಕಟ್ದೆ. ಉಸಿರು ಸರಿಯಾಗಿದೆ ಅಂತ ನೋಡೇ ಹೋಗಿದ್ದು."

"ಬಟ್ಟೆ ಯಾಕೆ ಸಿಕ್ಕಿಸಿದೆ?"

"ಯಾವ ಬಟ್ಟೆ?" ಅವಳು ನಿಜಕ್ಕೂ ಕಣ್ಣರಳಿಸಿದಳು. ಕೈ ತನ್ನ ಪಾಡಿಗೆ ಮಾಡಿದ್ದು ಅವಳ ಅರಿವಿಗೇ ಬಂದಿರಲಿಲ್ಲ.

ಕಾವಲುಗಾರ ಹಣೆಯ ಪಟ್ಟಿ ಮುಟ್ಟಿ ನೋಡಿಕೊಂಡ.

ಹನ್ನೊಂದೂ ಇಪ್ಪತ್ತಕ್ಕೆ ದಸ್ತಗಿರಿಯಾಯಿತು. ಅತಿಕ್ರಮ ಪ್ರವೇಶ, ಗಾಯಗೊಳಿಸಿದ್ದು. ಆಯಾ ಹೇಳಿಕೆಯಲ್ಲಿ ಹೆಚ್ಚೇನೂ ಸೇರಿಸಲಿಲ್ಲ. ಹುಟ್ಟಿದಾಗಿನಿಂದ ಈ ಹುಡುಗಿ ಬೆಳೆದದ್ದು ಆ ಬೆಂಚಿನ ಮೇಲೆ. ಕೆಮ್ಮು ನರಳಾಟಗಳ ನಡುವೆ ಅಲ್ಲೇ ಓದಿ, ಅಲ್ಲೇ ನಿದ್ದೆ ಮಾಡಿ. ಬೇರೆ ಮೂರು ಮಕ್ಕಳಿಗೆ ಮನೆಯಲ್ಲಿ ಹೇಳಿಕೊಡುವವರಿದ್ದರು. ತಾನು ಏನನ್ನೂ ಹೇಳಿಕೊಡಲಾರದ ತಾಯಿ. ಒಂದೇ ಒಂದು ಸಲ, ಏನಾದರೂ ಹೇಳಿಕೊಡಬೇಕು ಅನ್ನಿಸಿತಂತೆ.

"ಮಗೂನ ಸ್ಪರ್ಧೆಯಿಂದ ಹೊರಗೆ ಹಾಕಬೇಡಿ ಅಂತ ಹೇಳಿ ಮೇಡಂ."

ಇನ್‌ಸ್ಪೆಕ್ಟರ್ ಅಕ್ಷರಜ್ಜಿಗೆ ಫೋನ್ ಮಾಡಿ ಎಲ್ಲ ತಿಳಿಸಿದಳು. ಆ ಕಡೆಯಿಂದ ಬಂದದ್ದು, "ಮಗು ಬರಲಿ. ನಾನು ಬೇರೆ ಅಕ್ಷರ ಇಡ್ತೀನಿ," ಎಂಬ ಮಾತು.

ಅದನ್ನು ಕೇಳಿ ಆಯಾ ಮೊದಲ ಸಲ ಅತ್ತಳು. ಮಹಿಳಾ ಕಾನ್‌ಸ್ಟೇಬಲ್ ಅವಳ ತೋಳು ಹಿಡಿದಳು. ಹುಡುಗಿ ದಾರಿಗೆ ಅಡ್ಡ ನಿಂತಳು.

"ಲೈಟ್, ನೈಟ್, ರೈಟ್, ಫೈಟ್, ಸೈಟ್," ಎಂದಳು ಒಂದೇ ಉಸಿರಿಗೆ. "ಟೈಟ್, ಮೈಟ್, ಏಯ್ಟ್. ಬೆಳಿಗ್ಗೆ ಮನೇಲಿ ನೀನು ತೋಳು ತೋರಿಸಿದಾಗ್ಲೇ ಇವೆಲ್ಲ ನನಗೆ ಬರ್ತಿತ್ತು. ಹೋದ ವರ್ಷದಿಂದ ಬರ್ತಿತ್ತು."

ಮೀಸೆ ಗೋಡೆಯ ಕಡೆ ತಿರುಗಿ ನಿಂತ. ಬೆಳಗಿನಿಂದ ನುಂಗಿಕೊಂಡಿದ್ದನ್ನು ಹುಡುಗಿ ಆಗ ಗಟ್ಟಿಯಾಗಿ ಕೇಳಿದಳು.

"ಅಮ್ಮಾ, ನಾನು ನಾನಾಗೇ ಗೆಲ್ತೀನಿ ಅಂತ ನಿಂಗೆ ಅನ್ನಿಸ್ಲೇ ಇಲ್ವಾ?"