ಕೆರೂರಿಗೆ ಹೋದ ಫೋಟೋ

ಇಳಕಲ್ಲಿನ ನನ್ನ ಸ್ಟುಡಿಯೋದಲ್ಲಿ ನಾನು ಶಾರ್ಪ್ ಮಾಡಿದ ಬಾದಾಮಿ ಗುಡ್ಡದ ಫೋಟೋ ಇದೆ. ಅದರಲ್ಲಿ ಕಡಲೆಕಾಳಿನಷ್ಟು ಕಾಣುವ ಕೋತಿಯ ಹುಬ್ಬಿನಲ್ಲಿ ಹದಿನೇಳು ಸಾವಿರದ ನಾಲ್ಕು ಕೂದಲಿವೆ. ನಾನೇ ಎಣಿಸಿದ್ದೇನೆ, ಎರಡು ಸಲ.

ತೆಗೆದದ್ದು ಅಜ್ಜ ಅಬ್ದುಲಸಾಬರ ಹಳೆಯ ಲೆನ್ಸಿನಿಂದ. ಆ ಲೆನ್ಸಿಗೆ ಲೋಕವೆಲ್ಲ ಮಂಜು. ಆದರೆ ಕಂಪ್ಯೂಟರಿನಲ್ಲಿ ನಾನು ಕೈಯಿಟ್ಟರೆ ಮಂಜೇ ಹೆದರಿ ಓಡುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ.

ಆ ಮಾತು ನಂಬಿ ಬಂದವಳು ಖುಶನುಮಾ, ಹಿಂದಿನ ಓಣಿಯ ನೇಕಾರರ ಮಗಳು. ಕೆರೂರಿನ ವರನ ಮನೆಗೆ ಫೋಟೋ ಕಳಿಸಬೇಕಿತ್ತು. ಚಿಕ್ಕಂದಿನಲ್ಲಿ ನೂಲಿಗೆ ಬಣ್ಣ ಹಾಕುವ ಕುದಿನೀರು ಸಿಡಿದು ಅವಳ ಎಡಗಲ್ಲದ ಮೇಲೊಂದು ಸುಟ್ಟ ಕಲೆ. ಹಳೇ ಲೆನ್ಸಿನಲ್ಲೇ ತೆಗೆಸು, ಕಲೆ ಮಸುಕಾಗುತ್ತದೆ ಎಂದು ತಾಯಿ ಅಲೀಮಾ ಹೇಳಿ ಕಳಿಸಿದ್ದರಂತೆ.

“ಸೀರಿ ಅಷ್ಟ ಶಾರ್ಪ್ ಮಾಡು,” ಎಂದಳು. “ನಾನ ನೇಯ್ದದ್ದು. ಎಳಿ ಕಾಣಬೇಕು.”

“ಎಳಿ ಏನು, ಎಳಿಯೊಳಗಿನ ಹತ್ತಿ ಬೀಜಾನೂ ಕಾಣಸ್ತೇನಿ.”

ಅವಳು ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು ನಕ್ಕಳು. ಕಣ್ಣುಗಳು ಮಾತ್ರ ನನ್ನನ್ನೇ ನೋಡುತ್ತಿದ್ದವು. ಆ ನೋಟಕ್ಕೆ ಸ್ಟುಡಿಯೋದ ಲೈಟುಗಳೆಲ್ಲ ನಾಚಿ ಆರಿಹೋದವು. ಬೇಕಾದರೆ ಸುಟ್ಟ ಬಲ್ಬು ತೋರಿಸುತ್ತೇನೆ.

ಪ್ರಿಂಟು ಹಾಕಿ, ಲಕೋಟೆ ಅಂಟಿಸಿ ನಾನೇ ಕೆರೂರಿಗೆ ಕಳಿಸಿದೆ. ಹತ್ತು ದಿನಕ್ಕೆ ಅವರು ಬೇಡ ಎಂದರು. ಅಲೀಮಾ ಎರಡು ದಿನ ಉಣ್ಣಲಿಲ್ಲವೆಂದು ಸುದ್ದಿ ಬಂತು. ಖುಶನುಮಾಳ ಮಗ್ಗದ ಸದ್ದು ನಿಂತಿತು.

ಮೋಡ ಕವಿದ ಒಂದು ಮಧ್ಯಾಹ್ನ ಕೆರೂರಿನಿಂದ ವಾಪಸು ಬಂದ ಆ ಫೋಟೋ ಹಿಡಿದು ಅವಳೇ ಬಂದಳು. ಕೌಂಟರಿನ ಮೇಲಿಟ್ಟು ಸೆರಗಿನ ಮೇಲೆ ಬೆರಳಾಡಿಸಿದಳು. ಅವಳದು ನೇಕಾರರ ಕಣ್ಣು ಎಂಬುದನ್ನೇ ನಾನು ಮರೆತಿದ್ದೆ.

“ಸೀರಿ ಎಳಿ ಒಂದೂ ಕಾಣವಲ್ದು. ಸುಟ್ಟ ಕಲಿ ಅಷ್ಟ ಹೆಂಗ ಎದ್ದು ಕಾಣ್ತದ, ತೌಸಿಫ?”

ಲೆನ್ಸಿನ ದೋಷ ಎಂದೆ. ಆಮೇಲೆ ತಪ್ಪನ್ನು ಪ್ರಿಂಟರಿನ ಮೇಲೆ ಹಾಕಿದೆ. ಅವಳ ಬೆರಳು ಸೆರಗಿನಿಂದ ಕಲೆಯ ಮೇಲೆ ಬಂದು ನಿಂತಿತು. ನನ್ನಲ್ಲಿ ಸುಳ್ಳು ಮುಗಿದದ್ದು ಅದೇ ಮೊದಲು.

“ನಾನ ಮಾಡಿದ್ದು. ಅದೊಂದನ್ನ ಆರಿಸಿ ಶಾರ್ಪ್ ಮಾಡಿದೆ, ಅವರು ಬ್ಯಾಡ ಅನ್ಲಿ ಅಂತ. ನನಗ ಆ ಕಲಿ ಅಂದ್ರ ಜೀವ, ಸಾಲಿಗೆ ಹೋಗೂ ಕಾಲದಿಂದ.”

ಅವಳು ಫೋಟೋವನ್ನು ಬೋರಲು ಹಾಕಿದಳು.

“ಅದನ್ನ ನನಗ ಹೇಳಬೇಕಿತ್ತು. ಕೆರೂರಿಗೆ ಯಾಕ ತೋರಿಸಿದಿ?”

ಕೋತಿಯ ಹುಬ್ಬಿನ ಮಾತು ಸುಳ್ಳು. ಆ ಫೋಟೋದಲ್ಲಿ ಕೋತಿಯೇ ಇಲ್ಲ, ಬರೀ ಮಂಜು. ನಾನು ಚೊಕ್ಕವಾಗಿ ಶಾರ್ಪ್ ಮಾಡಿದ್ದು ಜೀವನದಲ್ಲಿ ಒಂದನ್ನೇ. ಅಲ್ಲಿಯವರೆಗೆ ಓಣಿಯಲ್ಲಿ ತಲೆಯೆತ್ತಿ ನಡೆಯುತ್ತಿದ್ದವಳು ಈಗ ಎಡಗಲ್ಲದ ಮೇಲೆ ಸೆರಗು ಎಳೆದುಕೊಂಡೇ ಹೋಗುತ್ತಾಳೆ.