ಐದೆಳೆಯ ಉಂಗುರ

ಡಬ್ಬಿ ಖಾಲಿಯಾಗಿತ್ತು.

"ರೋಸಿ ಬಾಯಿ, ಉಂಗುರ ಇಲ್ಲ!" ಅಶ್ಮಿತಾ ಕೂಗಿದಳು.

ದುಬೈಯ ಅಲ್ ಕುಸೈಸಿನ ಸಭಾಂಗಣ. ನಾಟಕಕ್ಕೆ ಇನ್ನು ಅರ್ಧ ಗಂಟೆ. ಅಶ್ಮಿತಾಳದ್ದು ಕ್ಯಾಥರಿನ್ ಗ್ರೇ ಪಾತ್ರ. ಹದಿನಾರನೇ ಶತಮಾನದಲ್ಲಿ ಇಂಗ್ಲೆಂಡಿನ ಸಿಂಹಾಸನಕ್ಕೆ ಹಕ್ಕಿದ್ದ ಹೆಣ್ಣು. ರಾಣಿಯನ್ನು ಕೇಳದೆ ಗುಟ್ಟಾಗಿ ಮದುವೆಯಾದಳು. ಗಂಡ ತೊಡಿಸಿದ್ದು ಐದೆಳೆಯ ಚಿನ್ನದ ಉಂಗುರ, ಎಳೆ ಬಿಚ್ಚಿದರೆ ಗುಟ್ಟು ತಿಳಿದವರಷ್ಟೇ ಮತ್ತೆ ಜೋಡಿಸಬಲ್ಲಂಥದು. ಸಾಕ್ಷಿಯಾಗಿದ್ದ ಗಂಡನ ಸೋದರಿ ತೀರಿಕೊಂಡಳು. ಪಾದ್ರಿ ಸಿಗಲಿಲ್ಲ. ಮದುವೆಯೇ ಊರ್ಜಿತವಲ್ಲ ಎಂದು ತೀರ್ಪಾಯಿತು. ಬಂಧನದಲ್ಲೇ ಸತ್ತಳು, ಪಾಪ.

ಡಬ್ಬಿಯಲ್ಲಿದ್ದದ್ದೂ ಅಂಥದೇ; ಎಲ್ಲರ ಪಾಲಿಗೆ ಅದು ನಾಟಕದ ಉಂಗುರ. ನಿಜ ಗೊತ್ತಿದ್ದದ್ದು ರೋಸಿಗೆ. ಅವಳ ತಮ್ಮ ಇವಾನ್ ಅದನ್ನು ಅಶ್ಮಿತಾಳಿಗೆ ತೊಡಿಸಿ ಹೆಂಡತಿ ಎಂದಿದ್ದ, ರೋಸಿಯ ಅಡುಗೆಮನೆಯಲ್ಲಿ, ಅವಳೊಬ್ಬಳ ಎದುರು. ರಿಜಿಸ್ಟರ್ ಮದುವೆ, ನಾಟಕ ಮುಗಿದ ಮೇಲೆ ಅಂದಿದ್ದ. ಈಗ ಹುಡುಗಿ ಬಸುರಿ. ವೇಷದ ಸೊಂಟವನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿದವಳೂ ರೋಸಿಯೇ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗ ತೆಗೆದದ್ದು?"

"ಮೇಕಪ್‌ಗೆ ಮೊದಲು. ಬೆರಳು ಊದಿತ್ತು, ಎಳೆದೆ. ಎಳೆಯೆಲ್ಲ ಬಿಚ್ಚಿಹೋಯ್ತು. ಇವಾನ್ ಜೋಡಿಸ್ಲಿ ಅಂತ ಡಬ್ಬಿಗೆ ಹಾಕಿಟ್ಟೆ."

"ಯಾರು ಬಂದಿದ್ರು?"

"ಅಣ್ಣ. ಚಾ ಕೊಟ್ಟು ಹೋದ."

"ನಾವೇ ಪೊಲೀಸರಿಗೆ ಹೇಳುವಾ?"

"ಎಂತ ಹೇಳುದು? ಉಂಗುರ ಯಾರು ಕೊಟ್ಟದ್ದು ಅಂತ ಕೇಳುದಿಲ್ವಾ?"

ಅಶ್ಮಿತಾಳ ಅಣ್ಣ ಶಾಮಸುಂದರನಿಗೆ ರಾಸ್ ಅಲ್ ಖೋರಿನಲ್ಲಿ ಗ್ಯಾರೇಜಿತ್ತು. ಇವಾನ್ ಅಲ್ಲೇ ಕೆಲಸಕ್ಕಿದ್ದ. ಅವನ ವೀಸಾ ಕೂಡ ಅಲ್ಲಿಯದೇ. ಗುಟ್ಟು ಅವನಿಗೆ ತಿಳಿದಿದ್ದರೆ ಇನ್ನೇನು ಬೇಕು? ರೋಸಿ ಪಾರ್ಕಿಂಗಿಗೆ ಓಡಿದಳು.

* * *

ಶಾಮಸುಂದರ ಕಾರಿಗೆ ಒರಗಿ ನಿಂತಿದ್ದ.

"ಉಂಗುರ ಕೊಡಿ."

ಅವನು ಜೇಬಿನಿಂದ ತೆಗೆದು ಅವಳ ಅಂಗೈಗೆ ಹಾಕಿದ.

"ಕದ್ದದ್ದಲ್ಲ ಬಾಯಿ, ನೆಲದಲ್ಲಿ ಸಿಕ್ಕಿದ್ದು. ನನಗೆ ಇನ್ನು ಅದು ಬೇಡ. ಖಲಾಸ್."

ಇಷ್ಟು ಸುಲಭವಾಗಿ? ರೋಸಿ ಉಂಗುರ ನೋಡಿದಳು. ತಿರುಗಿ ಒಳಗೆ ಓಡಿದಳು.

* * *

ಇವಾನ್ ರಂಗದ ಪಕ್ಕದಲ್ಲಿದ್ದ. ಕ್ಯಾಥರಿನ್‌ಳ ಗಂಡನ ವೇಷ ಅವನಿಗೆ ಚೆನ್ನಾಗಿಯೇ ಒಪ್ಪಿತ್ತು.

"ನೀನೇ ಕೊಟ್ಟದ್ದು," ಅಂದಳು ರೋಸಿ.

"ಎಂತ ಹೇಳ್ತಿ ಅಕ್ಕ?"

"ಡಬ್ಬಿಯಲ್ಲಿ ಇದ್ದದ್ದು ಬಿಚ್ಚಿದ ಎಳೆಗಳು. ಶಾಮಸುಂದರಣ್ಣನ ಜೇಬಿಂದ ಬಂದದ್ದು ಇಡೀ ಉಂಗುರ. ಜೋಡಿಸ್ಲಿಕ್ಕೆ ನನಗೆ ಬರುದಿಲ್ಲ, ಅವಳಿಗೂ ಬರುದಿಲ್ಲ. ನಿನಗೊಬ್ಬನಿಗೇ ಬರುದು."

ಇವಾನ್ ತಲೆ ತಗ್ಗಿಸಿದ.

"ಅವಳು ಮೇಕಪ್‌ಗೆ ಹೋದಾಗ ಡಬ್ಬಿಯಿಂದ ತೆಗೆದೆ. ಅವಳ ಅಣ್ಣ ವೀಸಾ ಕ್ಯಾನ್ಸಲ್ ಮಾಡ್ತೇನೆ ಅಂದ್ರು. ಉಂಗುರ ತಂದುಕೊಟ್ಟು, ಮದುವೆಯೇ ಆಗ್ಲಿಲ್ಲ ಅಂತ ಹೇಳಿದ್ರೆ ಬಿಡ್ತಾರಂತೆ."

"ಮತ್ತೆ ಜೋಡಿಸಿದ್ದು ಯಾಕೆ?"

"ಬಿಚ್ಚಿದ ಹಾಗೆಯೇ ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

"ನಾನು ಕಣ್ಣಾರೆ ನೋಡಿದ್ದೇನೆ. ಎಲ್ಲಿ ಬೇಕಾದ್ರೂ ಹೇಳ್ತೇನೆ."

"ನಾನು ಇಲ್ಲ ಅಂತೇನೆ ಅಕ್ಕ."

ಕಪಾಳಕ್ಕೆ ಬಿಗಿಯಬೇಕಿತ್ತು. ರೋಸಿಯ ಕೈ ಏಳಲಿಲ್ಲ. ಎತ್ತಿ ಬೆಳೆಸಿದ ತಮ್ಮ.

ಪರದೆಯ ಹಿಂದಿನಿಂದ ಅಶ್ಮಿತಾ ಹೊರಬಂದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಕ್ಯಾಥರಿನ್‌ಳ ಗಂಡ ಹೌದು ಅಂದಿದ್ದ, ಇವಾನ್. ಜೈಲಿಗೆ ಹಾಕಿದ್ರೂ ಹೌದು ಅಂದಿದ್ದ."

ಇವಾನ್ ಅವಳ ಮುಖ ನೋಡದೆ ರಂಗದ ಆಚೆ ಬದಿಗೆ ಹೋದ.

ನಾಟಕದ ಮೊದಲ ಗಂಟೆ ಬಾರಿಸಿತು. ಅಶ್ಮಿತಾ ಕುರ್ಚಿಯಲ್ಲಿ ಕುಸಿದು ಕೈ ಚಾಚಿದಳು. ರೋಸಿ ಉಂಗುರ ತೊಡಿಸಲು ಹೋದಳು. ಅದು ಊದಿದ ಬೆರಳಿನ ಗೆಣ್ಣಿನಲ್ಲಿ ಸಿಕ್ಕಿಕೊಂಡಿತು. ಒತ್ತಿದಳು. ಎಳೆಗಳು ಬಿಚ್ಚಿಕೊಂಡು ಅಶ್ಮಿತಾಳ ಮಡಿಲಿಗೆ ಬಿದ್ದವು.

"ಜೋಡಿಸಿ ಬಾಯಿ."

ರೋಸಿ ಎಳೆಗಳನ್ನು ಹಾಗೆ ತಿರುಗಿಸಿದಳು, ಹೀಗೆ ತಿರುಗಿಸಿದಳು. ಕೂಡಲಿಲ್ಲ. ಅಶ್ಮಿತಾ ಚಾಚಿದ ಕೈಯನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಎರಡನೆಯ ಗಂಟೆ ಬಾರಿಸಿತು.